ಕಾಣಿಕೆ ತಟ್ಟೆಯಿಂದ ಷೇರುಪತ್ರದವರೆಗೆ: ಅಮೆರಿಕದ ಕಪ್ಪು ಚರ್ಚುಗಳು ಉದ್ಯಮವನ್ನು ಬೆಳೆಸುವ ಬಗೆ

ಒಕ್ಲಹೋಮಾ ರಾಜ್ಯದ ಟಲ್ಸಾ ನಗರದಲ್ಲಿ ಮೌಂಟ್ ಝಯಾನ್ ಬ್ಯಾಪ್ಟಿಸ್ಟ್ ಚರ್ಚಿನ ಹೊಸ ಕಟ್ಟಡ ಆರಾಧನೆಗೆ ತೆರೆದದ್ದು 1921ರ ಏಪ್ರಿಲ್‌ನಲ್ಲಿ. ಅದಕ್ಕಾಗಿ ಸಭೆಯವರು 50,000 ಡಾಲರ್ ಸಾಲ ಮಾಡಿದ್ದರು. ಎರಡು ತಿಂಗಳು ತುಂಬುವ ಮೊದಲೇ, ಮೇ 31ರ ರಾತ್ರಿಯಿಂದ ಜೂನ್ 1ರವರೆಗೆ, ಬಿಳಿಯರ ಗುಂಪುಗಳು ಗ್ರೀನ್‌ವುಡ್ ಎಂಬ ಕಪ್ಪು ಜನರ ಬಡಾವಣೆಗೆ ನುಗ್ಗಿ ಮನೆ, ಅಂಗಡಿ, ಹೋಟೆಲುಗಳಿಗೆ ಬೆಂಕಿಯಿಟ್ಟಾಗ ಈ ಕಟ್ಟಡವೂ ಸುಟ್ಟುಹೋಯಿತು. ದಂಗೆಯಲ್ಲಾದ ನಷ್ಟವೆಂಬ ಕಾರಣಕ್ಕೆ ವಿಮೆಯ ಹಣ ಬರಲಿಲ್ಲ. ಆ ಸ್ಥಿತಿಯಲ್ಲಿ ದಿವಾಳಿ ಘೋಷಿಸಿ ಸಾಲದಿಂದ ಬಿಡಿಸಿಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ತಮ್ಮ ಮನೆಮಠವನ್ನೂ ಕಳೆದುಕೊಂಡಿದ್ದ ಆ ಸದಸ್ಯರು, ಇಲ್ಲದ ಕಟ್ಟಡದ ಸಾಲವನ್ನು ವರ್ಷಗಟ್ಟಲೆ ತೀರಿಸುತ್ತ ಬಂದು 1942ರಲ್ಲಿ ಚುಕ್ತಾ ಮಾಡಿದರು.

ಸಾಲ ಕೊಡುವವನು ಎಲ್ಲಕ್ಕಿಂತ ಮೊದಲು ಹುಡುಕುವುದು ಈ ನಿಯತ್ತನ್ನೇ. ಹಾಗಿದ್ದರೂ ಕಪ್ಪು ಅಮೆರಿಕನ್ನರಿಗೆ, ವಿಶೇಷವಾಗಿ ಅವರಲ್ಲಿ ಸಣ್ಣ ಅಂಗಡಿಯನ್ನೋ ಕಾರ್ಯಾಗಾರವನ್ನೋ ತೆರೆಯಲು ಹೊರಟವರಿಗೆ, ಬ್ಯಾಂಕುಗಳ ಬಾಗಿಲು ತಲೆಮಾರುಗಳ ಕಾಲ ಮುಚ್ಚಿಯೇ ಇತ್ತು. ಒಂದು ಸಮುದಾಯದಲ್ಲಿ ಪರಸ್ಪರ ನಂಬಿಕೆ ಧಾರಾಳವಾಗಿದ್ದು ಬಂಡವಾಳ ಮಾತ್ರ ಕೈಗೆ ಸಿಗದಿದ್ದಾಗ, ಆ ನಂಬಿಕೆಯನ್ನೇ ಬಂಡವಾಳವಾಗಿ ಮಾರ್ಪಡಿಸುವ ಉಪಾಯವೊಂದು ಬೇಕಾಗುತ್ತದೆ. ಕಪ್ಪು ಚರ್ಚುಗಳು ಉದ್ಯಮಶೀಲತೆಗೆ ನೀಡಿರುವ ಮತ್ತು ನೀಡಬಹುದಾದ ಬೆಂಬಲವನ್ನು ಈ ಮಾರ್ಪಾಡಿನ ಕಥೆಯಾಗಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಮಾರ್ಪಾಡು ಎಲ್ಲಿ ಕೈಗೂಡಿತು, ಎಲ್ಲಿ ಕೆಟ್ಟಿತು ಎಂಬುದನ್ನು ತಿಳಿಯಲು ಅದರ ಒಳಗಿನ ಕೀಲುಗಳನ್ನು ಒಂದಿಷ್ಟು ಬಿಚ್ಚಿ ನೋಡಬೇಕು.

‘ಕಪ್ಪು ಚರ್ಚ್’ ಎಂಬ ಹೆಸರಿನ ಒಂದೇ ಸಂಸ್ಥೆ ಇಲ್ಲ. ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಪಂಗಡ, ಹಲವು ಬ್ಯಾಪ್ಟಿಸ್ಟ್ ಒಕ್ಕೂಟಗಳು, ಪೆಂಟಕೋಸ್ಟಲ್ ಪರಂಪರೆಯ ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್ ಮುಂತಾದವುಗಳನ್ನೂ, ಇತರ ಪಂಗಡಗಳ ಒಳಗಿರುವ ಕಪ್ಪು ಜನರ ಸಭೆಗಳನ್ನೂ ಒಟ್ಟಾಗಿ ಹೀಗೆ ಕರೆಯುವುದು ರೂಢಿ. ಇವುಗಳ ಆರ್ಥಿಕ ಮಹತ್ವವನ್ನು ಅರಿಯಲು ಬೆಂಜಮಿನ್ ಮೇಸ್ ಅವರ ಒಂದು ಮಾತು ನೆರವಾಗುತ್ತದೆ. ಅವರು ಮುಂದೆ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಮಾರ್ಗದರ್ಶಿಯಾದವರು. 1936–37ರ ಪ್ರವಾಸದಲ್ಲಿ ನಮ್ಮ ಮೈಸೂರಿನಲ್ಲಿ ನಡೆದ ವೈ.ಎಂ.ಸಿ.ಎ. ವಿಶ್ವ ಸಮ್ಮೇಳನಕ್ಕೆ ಬಂದು, ಅದೇ ಸುತ್ತಿನಲ್ಲಿ ವಾರ್ಧಾಕ್ಕೆ ಹೋಗಿ ಗಾಂಧೀಜಿಯನ್ನು ಕಂಡವರು. 1933ರಲ್ಲಿ ಜೋಸೆಫ್ ನಿಕೋಲ್ಸನ್ ಅವರೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ ಅವರು, ಕಪ್ಪು ಅಮೆರಿಕನ್ನರು ನಿಜವಾಗಿಯೂ ಸ್ವಂತವಾಗಿ ಹೊಂದಿದ, ಪೂರ್ಣವಾಗಿ ತಾವೇ ನಡೆಸಿದ ಮೊದಲ ಸಾರ್ವಜನಿಕ ಸಂಸ್ಥೆ ಚರ್ಚೇ ಎಂದು ಗುರುತಿಸಿದ್ದರು. ಸ್ವಂತ ಕಟ್ಟಡ, ಆಯ್ಕೆಯಾದ ಪದಾಧಿಕಾರಿಗಳು, ಖಜಾಂಚಿ, ಜಮಾಖರ್ಚಿನ ಪುಸ್ತಕ, ವಾರಕ್ಕೊಮ್ಮೆ ತಪ್ಪದೆ ಸೇರುವ ಜನ, ತಪ್ಪದೆ ಬರುವ ಕಾಣಿಕೆ ಇವೆಲ್ಲ ಒಂದೇ ಕಡೆ ಇದ್ದ ಬೇರೆ ಜಾಗ ಅವರಿಗೆ ಇರಲಿಲ್ಲ. ಹಗಲೆಲ್ಲ ಇನ್ನೊಬ್ಬರ ಮನೆಯಲ್ಲಿ ಬಟ್ಟೆ ಒಗೆಯುವ ಮಹಿಳೆ ಭಾನುವಾರ ಇಲ್ಲಿ ಲೆಕ್ಕಪತ್ರ ನೋಡುವ ಕಾರ್ಯದರ್ಶಿಯಾಗಿರುತ್ತಿದ್ದಳು.

ಈ ಕಥೆಯ ಮೊದಲ ಕಾಗದಪತ್ರ ಫಿಲಡೆಲ್ಫಿಯಾದ್ದು. 1787ರಲ್ಲಿ ರಿಚರ್ಡ್ ಆಲನ್ ಮತ್ತು ಅಬ್ಸಲೋಮ್ ಜೋನ್ಸ್ ಎಂಬ, ಗುಲಾಮಗಿರಿಯಿಂದ ಬಿಡುಗಡೆಗೊಂಡ ಇಬ್ಬರು ‘ಫ್ರೀ ಆಫ್ರಿಕನ್ ಸೊಸೈಟಿ’ ಎಂಬ ಪರಸ್ಪರ ಸಹಾಯ ಸಂಘವನ್ನು ಕಟ್ಟಿದರು. ಸದಸ್ಯರು ತಿಂಗಳಿಗೆ ಒಂದು ಬೆಳ್ಳಿ ಶಿಲಿಂಗ್ ಕೊಡಬೇಕು; ಒಂದು ವರ್ಷ ವಂತಿಗೆ ಕಟ್ಟಿದ ಮೇಲೆ, ಕಷ್ಟಕ್ಕೆ ಬಿದ್ದವರಿಗೆ ವಾರಕ್ಕೆ ಮೂರು ಶಿಲಿಂಗ್ ಒಂಬತ್ತು ಪೆನ್ಸ್ ಸಿಗುತ್ತಿತ್ತು, ಆದರೆ ಆ ಕಷ್ಟ ತಮ್ಮದೇ ಅವಿವೇಕದಿಂದ ಬಂದದ್ದಾಗಿರಬಾರದು. ಕುಡುಕರಿಗೆ ಪ್ರವೇಶವಿರಲಿಲ್ಲ. ತೀರಿಕೊಂಡ ಸದಸ್ಯರ ವಿಧವೆಯರಿಗೆ ನೆರವು ಮುಂದುವರಿಯುತ್ತಿತ್ತು, ಮಕ್ಕಳ ಓದಿನ ಹೊಣೆ ಸಂಘದ್ದು. ಈ ನಿಯಮಾವಳಿಯಲ್ಲಿ ಎರಡು ಅಂಶಗಳನ್ನು ನಿಧಾನವಾಗಿ ಓದಬೇಕು. ಅಗತ್ಯವಿದ್ದರೆ ಆ ಮಕ್ಕಳನ್ನು ತಕ್ಕ ಕಸುಬಿನವರ ಬಳಿ ಕೆಲಸ ಕಲಿಯಲು ಸೇರಿಸುವ ಹೊಣೆಯನ್ನೂ ಸಂಘ ಹೊತ್ತಿತ್ತು, ಅಂದರೆ ದಾನದ ಜೊತೆಗೇ ದುಡಿಮೆಯ ತರಬೇತಿಯೂ ಮೊದಲ ದಿನದಿಂದ ಸೇರಿತ್ತು. ಇನ್ನೊಂದು, ಗುಮಾಸ್ತ ಹಾಗೂ ಖಜಾಂಚಿಯ ಸ್ಥಾನಕ್ಕೆ ಕ್ವೇಕರ್ ಎಂಬ, ಬಹುತೇಕ ಬಿಳಿಯರೇ ಇದ್ದ ಕ್ರೈಸ್ತ ಪಂಗಡದವರೊಬ್ಬರನ್ನೇ ಆರಿಸಬೇಕೆಂಬ ಷರತ್ತು. ಕಪ್ಪು ಜನರ ಹಣವಾದರೂ ಹೊರಗಿನ ಲೋಕ ಅದನ್ನು ನಂಬಬೇಕಾದರೆ ಪುಸ್ತಕ ಬಿಳಿಯರೊಬ್ಬರ ಕೈಯಲ್ಲಿರುವುದು ಒಳ್ಳೆಯದೆಂಬ ಲೆಕ್ಕಾಚಾರ ಇದರ ಹಿಂದೆ ಇದ್ದಿರಬೇಕೆಂದು ನನಗೆ ತೋರುತ್ತದೆ.

ನಗರದ ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚಿನಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕಪ್ಪು ಭಕ್ತರನ್ನು ಎಬ್ಬಿಸಿ ಎಳೆದ ಪ್ರಸಂಗ ಆಲನ್ ಅವರ ದಾರಿಯನ್ನು ಬೇರೆ ಮಾಡಿತು. ಚಿಮಣಿ ಶುಚಿಗೊಳಿಸುವ ವ್ಯವಹಾರವನ್ನೂ ಪಾದರಕ್ಷೆಯ ಕೆಲಸವನ್ನೂ ನಡೆಸುತ್ತಿದ್ದ ಆಲನ್ 1791ರಲ್ಲಿ ಲಂಬಾರ್ಡ್ ಬೀದಿಯಲ್ಲಿ ನಿವೇಶನ ಕೊಂಡರು. ಹಳೆಯ ಕಮ್ಮಾರಸಾಲೆಯೊಂದನ್ನು ಕುದುರೆಗಳಿಂದ ಎಳೆಸಿ ತಂದು ಅಲ್ಲಿ ನಿಲ್ಲಿಸಿ, 1794ರಲ್ಲಿ ಬೆಥೆಲ್ ಚರ್ಚನ್ನು ಆರಂಭಿಸಿದರು. ಇಂದಿಗೂ ಅದೇ ನೆಲದಲ್ಲಿ ‘ಮದರ್ ಬೆಥೆಲ್’ ನಿಂತಿದೆ, ನೆಲದ ಒಡೆತನ ಕೈ ಬದಲಾಗಿಲ್ಲ. ಚರ್ಚಿಗೆ ಸ್ವಂತ ಭೂಮಿ ಇರುವುದರ ಅರ್ಥವೇನೆಂಬುದು ಈ ಲೇಖನದ ಕೊನೆಯಲ್ಲಿ ಮತ್ತೆ ಬರುತ್ತದೆ.

ಅಂತರ್ಯುದ್ಧ ಮುಗಿದು ಗುಲಾಮಗಿರಿ ಕಾನೂನಿನ ಕಣ್ಣಿಗೆ ಇಲ್ಲವಾದ ಮೇಲೆ, ಕೂಲಿಯ ಹಣವನ್ನು ಎಲ್ಲಿಡಬೇಕೆಂಬ ಪ್ರಶ್ನೆ ಎದ್ದಿತು. 1865ರಲ್ಲಿ ಸಂಸತ್ತಿನ ಸನ್ನದಿನಿಂದ ಸ್ಥಾಪನೆಯಾದ ಫ್ರೀಡ್‌ಮನ್ಸ್ ಸೇವಿಂಗ್ಸ್ ಬ್ಯಾಂಕಿನ ಹಿಂದೆ ಸರ್ಕಾರವೇ ಇದೆಯೆಂದು ಸಾಮಾನ್ಯರು ನಂಬಿದ್ದರು. ಕೆಟ್ಟ ಸಾಲಗಳು ಮತ್ತು ಕೆಟ್ಟ ಆಡಳಿತದಿಂದ ಅದು 1874ರಲ್ಲಿ ಮುಚ್ಚಿದಾಗ ಸುಮಾರು 61,000 ಠೇವಣಿದಾರರ ಹತ್ತಿರ ಹತ್ತಿರ 30 ಲಕ್ಷ ಡಾಲರ್ ಸಿಕ್ಕಿಬಿದ್ದಿತ್ತು. ಈ ಗಾಯ ಆಳವಾದದ್ದು. ಬ್ಯಾಂಕೆಂದರೆ ಬೆಚ್ಚಿಬೀಳುವ ಜನರನ್ನು ಮತ್ತೆ ಉಳಿತಾಯಕ್ಕೆ ಕರೆತರಬಲ್ಲವರು ಯಾರಾದರೂ ಇದ್ದರೆ ಅವರು ಮದುವೆ ಮಾಡಿಸಿದ, ಹೆಣಕ್ಕೆ ಮಣ್ಣು ಹಾಕಿಸಿದ, ಪ್ರತಿ ವಾರ ಮುಖ ತೋರಿಸುವ ಪಾಸ್ಟರುಗಳೇ ಆಗಿದ್ದರು. ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದ ಸಿಕ್ಸ್‌ಟೀಂತ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ವಿಲಿಯಂ ಪೆಟಿಫೋರ್ಡ್ 1890ರಲ್ಲಿ ಅಲಬಾಮಾ ಪೆನ್ನಿ ಸೇವಿಂಗ್ಸ್ ಬ್ಯಾಂಕನ್ನು ತೆರೆದರು. ದೇಶದ ಎಷ್ಟೋ ಬ್ಯಾಂಕುಗಳನ್ನು ನೆಲಕಚ್ಚಿಸಿದ 1893ರ ಬಿಕ್ಕಟ್ಟನ್ನು ಅದು ದಾಟಿ, 1915ರವರೆಗೆ ನಡೆಯಿತು. ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಮ್ಯಾಗಿ ಲೀನಾ ವಾಕರ್ ಎಂಬ ಮಹಿಳೆ 1903ರಲ್ಲಿ ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕನ್ನು ಸ್ಥಾಪಿಸಿ ಅದರ ಅಧ್ಯಕ್ಷೆಯಾದರು. ಅವರು ಅಗಸಗಿತ್ತಿಯ ಮಗಳು, ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚಿನ ಭಾನುವಾರದ ಶಾಲೆಯಲ್ಲಿ ಪಾಠ ಹೇಳಿದವರು. ಹೆಸರಿನಲ್ಲಿರುವ ‘ಪೆನ್ನಿ’ ಎಂಬ ಪದವೇ ಆಹ್ವಾನವಾಗಿತ್ತು: ಬಿಡಿಗಾಸು ಹಿಡಿದು ಬಂದವರಿಗೂ ಇಲ್ಲಿ ಪಾಸ್‌ಬುಕ್ ಉಂಟು.

ಇಷ್ಟೆಲ್ಲ ಇದ್ದೂ ಕಪ್ಪು ಬಡಾವಣೆಗಳಲ್ಲಿ ಬಂಡವಾಳದ ಬರ ಏಕೆ ನೀಗಲಿಲ್ಲ? ಮುಖ್ಯ ಉತ್ತರ ಮನೆಗಳಲ್ಲಿದೆ. ಅಮೆರಿಕದಲ್ಲಿ ಸಣ್ಣ ಉದ್ಯಮಿ ಮೊದಲ ಸಾಲಕ್ಕೆ ಜಾಮೀನಾಗಿ ಒಡ್ಡುವುದು ಸಾಮಾನ್ಯವಾಗಿ ತನ್ನ ಮನೆಯನ್ನು ಅಥವಾ ತಂದೆತಾಯಿಯ ಮನೆಯ ಮೌಲ್ಯವನ್ನು. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಬರೆಸಿ ಕಪ್ಪು ಜನರಿದ್ದ ಪ್ರದೇಶಗಳನ್ನು ಕೆಂಪು ಬಣ್ಣದಲ್ಲಿ ‘ಅಪಾಯಕಾರಿ’ ಎಂದು ಗುರುತಿಸಿತು. ಗೃಹಸಾಲಕ್ಕೆ ಸರ್ಕಾರದ ಖಾತರಿ ಅಂಥ ಕಡೆ ಸಿಗದಾಯಿತು. ಮನೆ ಕೊಳ್ಳಲಾಗದೆ ಹೋಯಿತು, ಕೊಂಡವರ ಮನೆಗೆ ಬೆಲೆ ಬರಲಿಲ್ಲ. ಅದರ ಫಲ ಇಂದಿನ ಅಂಕಿಗಳಲ್ಲಿಯೂ ಕಾಣುತ್ತದೆ. ಅಮೆರಿಕದ ಕೇಂದ್ರ ಬ್ಯಾಂಕ್ 2022ರಲ್ಲಿ ನಡೆಸಿದ ಕುಟುಂಬ ಹಣಕಾಸು ಸಮೀಕ್ಷೆಯಂತೆ, ಸಾಲಗಳನ್ನು ಕಳೆದು ಉಳಿಯುವ ಸಂಪತ್ತು ಮಧ್ಯಮ ಸ್ಥಾನದ ಬಿಳಿ ಕುಟುಂಬಕ್ಕೆ 2,85,000 ಡಾಲರ್, ಕಪ್ಪು ಕುಟುಂಬಕ್ಕೆ ಸುಮಾರು 44,900 ಡಾಲರ್. ವ್ಯಾಪಾರದ ಮೊದಲ ಎರಡು ವರ್ಷದ ನಷ್ಟವನ್ನು ಸಹಿಸಿಕೊಳ್ಳಲು ಮನೆಯ ಗಂಟು ಬೇಕು. ಗಂಟು ಇಲ್ಲದವರಿಗೆ ಒಳ್ಳೆಯ ಯೋಜನೆಯೂ ಕಾಗದದಲ್ಲೇ ಉಳಿಯುತ್ತದೆ.

ಚರ್ಚು ಈ ಕೊರತೆಯನ್ನು ತುಂಬುವ ಮೊದಲ ದಾರಿಗೆ ಹಣವೇ ಬೇಕಿಲ್ಲ, ಗಿರಾಕಿಗಳು ಸಾಕು. ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ಅಲಬಾಮಾದ ಮಾಂಟ್ಗೊಮರಿ ನಗರದಲ್ಲಿ ನಡೆದ ಬಸ್ ಬಹಿಷ್ಕಾರದ ಕಾಲದಲ್ಲಿ, 1955–56ರಲ್ಲಿ, ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯ ಮಹಿಳೆ ಚರ್ಚುಗಳಲ್ಲಿ ನಡೆಯುತ್ತಿದ್ದ ಸಾಮೂಹಿಕ ಸಭೆಗಳಲ್ಲಿ ಕರಿದ ಕೋಳಿಯ ಸ್ಯಾಂಡ್‌ವಿಚ್ ಮಾರುತ್ತಿದ್ದರು. ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದ ಇತರ ಮಹಿಳೆಯರನ್ನು ಸೇರಿಸಿಕೊಂಡು ಕೇಕು, ಪೈಗಳನ್ನೂ ಮಾಡಿ ಮಾರಿ, ಬಂದ ಹಣವನ್ನು ಹೋರಾಟದ ವಾಹನ ವ್ಯವಸ್ಥೆಗೆ ಕೊಡುತ್ತಿದ್ದರು. ಈ ಗುಂಪಿಗೆ ಅವರಿಟ್ಟ ಹೆಸರು ‘ಎಲ್ಲಿಯದೂ ಅಲ್ಲದ ಕ್ಲಬ್ಬು’. ದುಡ್ಡು ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ‘ಎಲ್ಲಿಂದಲೂ ಇಲ್ಲ’ ಎಂದರೆ ಸುಳ್ಳಾಗುತ್ತಿರಲಿಲ್ಲ, ಮನೆಗೆಲಸದವರ ಕೆಲಸವೂ ಉಳಿಯುತ್ತಿತ್ತು. ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ ಮೇಲೆ ಗಿಲ್ಮೋರ್ ಅವರೇ ಕೆಲಸ ಕಳೆದುಕೊಂಡರು. ಆಗ ಡೆಕ್ಸ್‌ಟರ್ ಅವೆನ್ಯೂ ಚರ್ಚಿನ ಪಾಸ್ಟರಾಗಿದ್ದ ಮಾರ್ಟಿನ್ ಲೂಥರ್ ಕಿಂಗ್, ಸ್ವಂತ ವ್ಯಾಪಾರ ಆರಂಭಿಸಲು ಗಿಲ್ಮೋರ್ ಅವರಿಗೆ ಹೇಳಿ, ಆರಂಭದ ಖರ್ಚಿಗೂ ನೆರವಾದರು. ಗಿಲ್ಮೋರ್ ತಮ್ಮ ಮನೆಯಲ್ಲೇ ಊಟದ ವ್ಯವಸ್ಥೆ ಮಾಡಿದರು, ಕಿಂಗ್ ಅಲ್ಲಿಯ ಕಾಯಂ ಗಿರಾಕಿ. ಒಬ್ಬ ಉದ್ಯಮಿ ಹುಟ್ಟಲು ಬೇಕಾದ ಪರೀಕ್ಷಿತ ಸರಕು, ನಿಶ್ಚಿತ ಗಿರಾಕಿಗಳು, ಸಣ್ಣ ಮೊತ್ತದ ಮೂಲಧನ, ನಾಲ್ಕು ಜನರೆದುರು ಒಳ್ಳೆಯ ಮಾತು, ಇವೆಲ್ಲವೂ ಚರ್ಚಿನ ಸುತ್ತಲಿನ ಬದುಕಿನಲ್ಲೇ ಅವರಿಗೆ ದೊರೆತವು.

ಇದೇ ಗಿರಾಕಿ ಬಲವನ್ನು ಒಟ್ಟುಗೂಡಿಸಿ ಬಳಸಿದರೆ ಕಂಪನಿಗಳೂ ಬಾಗುತ್ತವೆ. 1960ರಲ್ಲಿ ಫಿಲಡೆಲ್ಫಿಯಾದ ಸುಮಾರು 400 ಕಪ್ಪು ಪಾಸ್ಟರುಗಳು ಟೇಸ್ಟಿಕೇಕ್ ಎಂಬ ಜನಪ್ರಿಯ ಬೇಕರಿ ಕಂಪನಿಯ ತಿನಿಸನ್ನು ಕೊಳ್ಳಬೇಡಿರೆಂದು ವೇದಿಕೆಯಿಂದ ಹೇಳಿದರು. ಕಪ್ಪು ಜನರು ಕೊಳ್ಳುವ ಕೇಕನ್ನು ಅಂಗಡಿಗೆ ತಲುಪಿಸುವ ಲಾರಿಯಲ್ಲಿ, ಕಚೇರಿಯ ಮೇಜಿನಲ್ಲಿ ಕಪ್ಪು ನೌಕರರೂ ಇರಬೇಕೆಂಬುದು ಅವರ ಬೇಡಿಕೆ. ಕೆಲವೇ ವಾರಗಳಲ್ಲಿ ಕಂಪನಿ ಒಪ್ಪಿತು, ಬಳಿಕ ಇತರ ಕಂಪನಿಗಳ ಸರದಿ. ಕಿಂಗ್ ಅವರು ಕೊಲೆಯಾಗುವ ಹಿಂದಿನ ರಾತ್ರಿ, 1968ರ ಏಪ್ರಿಲ್ 3ರಂದು, ಮೆಂಫಿಸ್‌ನ ಮೇಸನ್ ಟೆಂಪಲ್‌ನಲ್ಲಿ ಮಾಡಿದ ಭಾಷಣದಲ್ಲಿ ‘ನಾನು ಬೆಟ್ಟದ ತುದಿಗೆ ಹೋಗಿ ಬಂದಿದ್ದೇನೆ’ ಎಂಬ ಮಾತನ್ನು ಎಲ್ಲರೂ ನೆನೆಯುತ್ತಾರೆ. ಅದೇ ಭಾಷಣದಲ್ಲಿ ಅವರು ಪೇಟೆಯ ದೊಡ್ಡ ಬ್ಯಾಂಕುಗಳಿಂದ ಹಣ ತೆಗೆದು ಕಪ್ಪು ಜನರ ಒಡೆತನದ ಟ್ರೈ-ಸ್ಟೇಟ್ ಬ್ಯಾಂಕಿನಲ್ಲಿಡಿ, ವಿಮೆಯನ್ನೂ ನಮ್ಮವರ ಕಂಪನಿಗಳಲ್ಲಿ ಮಾಡಿಸಿ ಎಂದು ಕರೆಕೊಟ್ಟದ್ದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಈ ಕರೆಗೆ ಲೆಕ್ಕದ ಆಧಾರವಿತ್ತು. ಚರ್ಚಿನ ಸೋಮವಾರದ ಜಮೆ ಯಾವ ಬ್ಯಾಂಕಿಗೆ ಹೋಗುತ್ತದೆಯೋ ಆ ಬ್ಯಾಂಕಿನ ಸಾಲ ಕೊಡುವ ಶಕ್ತಿ ಬೆಳೆಯುತ್ತದೆ. ಹಣವನ್ನು ದಾನ ಮಾಡದೆ, ಕಳೆದುಕೊಳ್ಳುವ ಭಯವೂ ಇಲ್ಲದೆ, ಇಟ್ಟ ಜಾಗ ಬದಲಿಸುವುದರಿಂದಲೇ ನೆರೆಯ ಅಂಗಡಿಯವನಿಗೆ ಸಾಲ ಹುಟ್ಟುವ ಸಾಧ್ಯತೆ ಇದರಲ್ಲಿದೆ.

ಆದರೂ ಗಿರಾಕಿಯಾಗಿರುವುದು ಬೇರೆ, ಒಡೆಯನಾಗಿರುವುದು ಬೇರೆ. ಈ ಅಂತರವನ್ನು ದಾಟುವ ಅತ್ಯಂತ ಸ್ಪಷ್ಟವಾದ ವಿಧಾನವನ್ನು ರೂಪಿಸಿದವರು ಫಿಲಡೆಲ್ಫಿಯಾದ ಝಯಾನ್ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್, ಟೇಸ್ಟಿಕೇಕ್ ಬಹಿಷ್ಕಾರದ ಮುಂದಾಳುಗಳಲ್ಲೊಬ್ಬರಾದ ಲಿಯಾನ್ ಸಲಿವನ್. 1962ರ ಜೂನ್ ತಿಂಗಳ ಒಂದು ಭಾನುವಾರ, ಯೇಸು ಐದು ರೊಟ್ಟಿ ಎರಡು ಮೀನುಗಳಿಂದ ಐದು ಸಾವಿರ ಜನರಿಗೆ ಉಣಬಡಿಸಿದ ಪ್ರಸಂಗವನ್ನು ಕುರಿತು ಉಪದೇಶ ಮಾಡುತ್ತ, ತಿಂಗಳಿಗೆ 10 ಡಾಲರಿನಂತೆ 36 ತಿಂಗಳು ಕೊಡಬಲ್ಲ ಐವತ್ತು ಜನರು ಬೇಕೆಂದು ಅವರು ಕೇಳಿದರು. ಮುಂದೆ ಬಂದವರು ಇನ್ನೂರಕ್ಕೂ ಹೆಚ್ಚು. ‘10–36 ಯೋಜನೆ’ ಎಂಬ ಹೆಸರು ಬಂದದ್ದು ಹೀಗೆ.

ಮೇಲ್ನೋಟಕ್ಕೆ ಇದು ನಮ್ಮ ಓಣಿಗಳ ಚೀಟಿಯಂತೆ ಕಾಣಬಹುದು, ಆದರೆ ಚೀಟಿಯಲ್ಲಿ ಹಣ ಸರದಿಯ ಪ್ರಕಾರ ಸದಸ್ಯರ ಕೈಗೇ ಮರಳುತ್ತದೆ. ಇಲ್ಲಿಯ ಚಾತುರ್ಯ ಇರುವುದು 36 ತಿಂಗಳನ್ನು ಎರಡಾಗಿ ಸೀಳಿದ್ದರಲ್ಲಿ. ಮೊದಲ 16 ತಿಂಗಳ 160 ಡಾಲರ್ ಲಾಭರಹಿತ ಟ್ರಸ್ಟಿಗೆ ಹೋಗುತ್ತಿತ್ತು, ಅದು ಕೊಡುಗೆ; ಶಿಕ್ಷಣ, ವಸತಿ ಮುಂತಾದ ಕೆಲಸಗಳಿಗೆ ಮೀಸಲಾದ ಅದು ಕೊಟ್ಟವರಿಗೆ ಮರಳದು. ಉಳಿದ 20 ತಿಂಗಳ 200 ಡಾಲರ್ ಲಾಭಕ್ಕಾಗಿಯೇ ಸ್ಥಾಪಿಸಿದ ಹೂಡಿಕೆ ಕಂಪನಿಗೆ ಹೋಗುತ್ತಿತ್ತು, ಅದಕ್ಕೆ ಪ್ರತಿಯಾಗಿ ಷೇರು ಮತ್ತು ಷೇರುದಾರರ ಸಭೆಯಲ್ಲಿ ಮತ. ಇನ್ನೂರು ಜನರು ಮೂರು ವರ್ಷ ತಪ್ಪದೆ ಕೊಟ್ಟರೂ ಕೂಡುವುದು 72,000 ಡಾಲರ್ ಮಾತ್ರ, ಒಂದು ಮಾರುಕಟ್ಟೆ ಸಂಕೀರ್ಣ ಕಟ್ಟಲು ಅದು ಏನೇನೂ ಸಾಲದು. ಸಾಲದೆಂಬುದು ಸಲಿವನ್ ಅವರಿಗೂ ಗೊತ್ತಿತ್ತು. ಮೂರು ವರ್ಷ ಒಂದೂ ತಿಂಗಳು ತಪ್ಪದೆ ಕಟ್ಟಿದ ನೂರಾರು ಸಾಮಾನ್ಯ ಜನರ ಪಟ್ಟಿಯನ್ನೂ, ಸಾಲ ಕೇಳುವ ಮೊದಲೇ ಕೂಡಿಟ್ಟ ಸ್ವಂತ ಪಾಲನ್ನೂ ಹಿಡಿದು ಬ್ಯಾಂಕಿನೊಳಗೆ ಕಾಲಿಟ್ಟರೆ ಮಾತುಕತೆಯ ದನಿಯೇ ಬದಲಾಗುತ್ತದೆ. ಕೊಡುಗೆ ಮತ್ತು ಹೂಡಿಕೆ ಎರಡನ್ನೂ ಕಲಸದೆ, ಒಂದರ ಶಿಸ್ತಿನಿಂದ ಇನ್ನೊಂದನ್ನು ಬೆಳೆಸಿದ ಈ ವಿಭಜನೆಯೇ, ನನ್ನ ಎಣಿಕೆಯಲ್ಲಿ, ಕಪ್ಪು ಚರ್ಚುಗಳ ಆರ್ಥಿಕ ಇತಿಹಾಸದ ಅತ್ಯುತ್ತಮ ಆವಿಷ್ಕಾರ.

ಮುಂದೆ ಯೋಜನೆಯನ್ನು ಇತರ ಚರ್ಚುಗಳ ಸದಸ್ಯರಿಗೂ ತೆರೆದರು. ಆ ಹಣದ ಬುನಾದಿಯ ಮೇಲೆ ವಸತಿ ಸಮುಚ್ಚಯವೂ, ನಾರ್ತ್ ಬ್ರಾಡ್ ಬೀದಿಯಲ್ಲಿ 1968ರಲ್ಲಿ ಪ್ರೋಗ್ರೆಸ್ ಪ್ಲಾಜಾ ಎಂಬ ಮಾರುಕಟ್ಟೆ ಸಂಕೀರ್ಣವೂ ಬಂದವು. ಕಪ್ಪು ಅಮೆರಿಕನ್ನರೇ ಕಟ್ಟಿಸಿ ಒಡೆತನ ಹೊಂದಿದ ಮೊದಲ ಶಾಪಿಂಗ್ ಸೆಂಟರ್ ಎಂದು ಅದನ್ನು ಪರಿಗಣಿಸುತ್ತಾರೆ. ಉದ್ಯಮಕ್ಕೆ ಜಾಗ ಮಾಡಿಕೊಟ್ಟರೆ ಸಾಲದು, ಕೈಗಳೂ ತಯಾರಾಗಬೇಕು ಎಂಬುದನ್ನು ಸಲಿವನ್ ಬಹಿಷ್ಕಾರದ ದಿನಗಳಲ್ಲೇ ಕಂಡುಕೊಂಡಿದ್ದರು. ಕಂಪನಿಗಳು ಕೆಲಸ ಕೊಡಲು ಒಪ್ಪಿದಾಗ ಆ ಕೆಲಸಕ್ಕೆ ತರಬೇತಾದವರು ಸಾಕಷ್ಟು ಸಿಗುತ್ತಿರಲಿಲ್ಲ. ಹಾಗಾಗಿ 1964ರಲ್ಲಿ ಪಾಳುಬಿದ್ದಿದ್ದ ಹಳೆಯ ಪೊಲೀಸ್ ಠಾಣೆಯೊಂದರಲ್ಲಿ ಅವರು ಉದ್ಯೋಗ ತರಬೇತಿ ಕೇಂದ್ರ ಆರಂಭಿಸಿದರು, ಅದು ದೇಶದ ಅನೇಕ ನಗರಗಳಿಗೆ ಹರಡಿತು. ಪ್ಲಾಜಾದ ಹಾದಿ ಮಾತ್ರ ಸುಗಮವಾಗಿರಲಿಲ್ಲ. 1990ರ ದಶಕದ ಕೊನೆಗೆ ಅಲ್ಲಿದ್ದ ಸೂಪರ್‌ಮಾರ್ಕೆಟ್ ಮುಚ್ಚಿತು, ಸುಮಾರು ಹತ್ತು ವರ್ಷ ಸುತ್ತಲಿನವರು ತಾಜಾ ತರಕಾರಿಗೆ ದೂರ ಹೋಗಬೇಕಾಯಿತು. ರಾಜ್ಯ ಸರ್ಕಾರದ ನೆರವೂ ಸೇರಿ 2009ರ ಕೊನೆಗೆ ಹೊಸ ಸೂಪರ್‌ಮಾರ್ಕೆಟ್ ಬಂತು. ಒಡೆತನ ಸಮುದಾಯದ ಕೈಯಲ್ಲಿದ್ದದ್ದರಿಂದ ಅಂಗಡಿ ಹೋದರೂ ಜಾಗ ಹೋಗಲಿಲ್ಲ, ಕಾಯುವ ಅವಕಾಶವಾದರೂ ಉಳಿಯಿತು.

ಕಾನೂನಿನ ದೃಷ್ಟಿಯಿಂದಲೂ ಈ ವಿಭಜನೆ ಅನಿವಾರ್ಯ. ಅಮೆರಿಕದಲ್ಲಿ ಚರ್ಚಿಗೆ ಆದಾಯ ತೆರಿಗೆ ಇಲ್ಲ, ಕೊಟ್ಟವರಿಗೂ ತೆರಿಗೆ ರಿಯಾಯಿತಿ ಉಂಟು. ಪ್ರತಿಯಾಗಿ ಅದರ ಹಣ ಯಾವ ಖಾಸಗಿ ವ್ಯಕ್ತಿಯ ಲಾಭಕ್ಕೂ ಹೋಗುವಂತಿಲ್ಲ. ಪಾಸ್ಟರ್ ಕಾಣಿಕೆಯ ಹಣದಿಂದ ಸದಸ್ಯನೊಬ್ಬನ ಕ್ಷೌರದಂಗಡಿಯಲ್ಲಿ ಪಾಲು ಕೊಂಡರೆ ತೊಡಕು ಶುರುವಾಗುತ್ತದೆ. ಧಾರ್ಮಿಕ ಉದ್ದೇಶಕ್ಕೆ ಸಂಬಂಧಿಸದ ವ್ಯಾಪಾರವನ್ನು ಚರ್ಚೇ ನಿರಂತರವಾಗಿ ನಡೆಸಿದರೆ ಅದರ ಲಾಭಕ್ಕೆ ತೆರಿಗೆ ಬೀಳುತ್ತದೆ. ಈ ನಿಯಮದ ವ್ಯಾಪ್ತಿಗೆ ಚರ್ಚುಗಳನ್ನು ತಂದದ್ದು 1969ರ ತೆರಿಗೆ ಸುಧಾರಣೆ. ಆದ್ದರಿಂದ ಚರ್ಚುಗಳು ಪ್ರತ್ಯೇಕವಾಗಿ ಸಮುದಾಯ ಅಭಿವೃದ್ಧಿ ನಿಗಮವನ್ನು ನೋಂದಾಯಿಸುತ್ತವೆ. ಅದಕ್ಕೆ ಬೇರೆ ಆಡಳಿತ ಮಂಡಳಿ, ಬೇರೆ ಬ್ಯಾಂಕ್ ಖಾತೆ. ಚರ್ಚು ತನ್ನ ವಾರ್ಷಿಕ ಲೆಕ್ಕವನ್ನು ತೆರಿಗೆ ಇಲಾಖೆಗೆ ಸಲ್ಲಿಸಬೇಕಾಗಿಲ್ಲ, ಆದರೆ ನಿಗಮ ಸಲ್ಲಿಸಬೇಕು, ಅದನ್ನು ಯಾರು ಬೇಕಾದರೂ ಓದಬಹುದು. ಬ್ಯಾಂಕೂ ಸರ್ಕಾರವೂ ಇಂಥ ನಿಗಮದೊಂದಿಗೆ ಧೈರ್ಯವಾಗಿ ವ್ಯವಹರಿಸುವುದು ಅದಕ್ಕೇ. ಬ್ಯಾಂಕುಗಳು ತಾವು ಠೇವಣಿ ಪಡೆಯುವ ಬಡಾವಣೆಗಳಲ್ಲಿ ಸಾಲವನ್ನೂ ಕೊಡಬೇಕೆನ್ನುವ 1977ರ ಕಾಯಿದೆ ಹಾಗೂ ಹಿಂದುಳಿದ ಪ್ರದೇಶಗಳಿಗೆ ಸಾಲ ಕೊಡುವ ಸಂಸ್ಥೆಗಳಿಗಾಗಿ 1994ರಲ್ಲಿ ರೂಪುಗೊಂಡ ಕೇಂದ್ರ ನಿಧಿ ಈ ವ್ಯವಹಾರಕ್ಕೆ ಹೊರಗಿನಿಂದ ಆಸರೆಯಾದವು.

ಈ ಮಾದರಿ ಬೇರೆ ಬೇರೆ ನಗರಗಳಲ್ಲಿ ಬೇರೆ ಬೇರೆ ರೂಪ ತಾಳಿತು. 1992ರ ಗಲಭೆಯಲ್ಲಿ ಲಾಸ್ ಏಂಜಲೀಸ್‌ನ ಅಂಗಡಿಬೀದಿಗಳು ಸುಟ್ಟಮೇಲೆ ಅಲ್ಲಿಯ ಫಸ್ಟ್ ಎ.ಎಂ.ಇ. (ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್) ಚರ್ಚು ತನ್ನ ಅಭಿವೃದ್ಧಿ ಸಂಸ್ಥೆಯ ಮೂಲಕ, ಡಿಸ್ನಿ ಕಂಪನಿ ಕೊಟ್ಟ 10 ಲಕ್ಷ ಡಾಲರಿನ ನಿಧಿಯಿಂದ ಸಣ್ಣ ಉದ್ಯಮಿಗಳಿಗೆ ಕಿರುಸಾಲ ನೀಡಿತು. ಹ್ಯೂಸ್ಟನ್‌ನ ವಿಂಡ್ಸರ್ ವಿಲೇಜ್ ಚರ್ಚು ಪಾಳುಬಿದ್ದಿದ್ದ ಕೆ-ಮಾರ್ಟ್ ಮಳಿಗೆಯೊಂದನ್ನು 1995ರಲ್ಲಿ ಬ್ಯಾಂಕ್ ಶಾಖೆ, ಚಿಕಿತ್ಸಾಲಯ, ಕಾಲೇಜು ತರಗತಿ, ಸಣ್ಣ ಕಚೇರಿಗಳಿರುವ ಕೇಂದ್ರವಾಗಿ ಬದಲಿಸಿತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಅಬಿಸಿನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ನಿಗಮ ಪಾಲುದಾರರೊಂದಿಗೆ ಸೇರಿ 1999ರಲ್ಲಿ 125ನೇ ಬೀದಿಗೆ ದೊಡ್ಡ ಸೂಪರ್‌ಮಾರ್ಕೆಟ್ ತಂದಾಗ, ಸುತ್ತಲಿನ ಸಣ್ಣ ದಿನಸಿ ಅಂಗಡಿಯವರೇ ಅದನ್ನು ವಿರೋಧಿಸಿದ್ದರು. 2014ರಲ್ಲಿ ಆ ನಿವೇಶನ ಖಾಸಗಿ ಡೆವಲಪರ್ ಕೈ ಸೇರಿತು, 2015ರಲ್ಲಿ ಮಳಿಗೆ ಮುಚ್ಚಿತು. ಸಮುದಾಯದ ಬೆಳವಣಿಗೆ ಎಂದಾಗ ಅದರ ಯಾವ ಭಾಗದ ಬೆಳವಣಿಗೆ, ಕೊಳ್ಳುವವರದೋ ಮಾರುವವರದೋ ಎಂಬ ಪ್ರಶ್ನೆ ಚರ್ಚನ್ನೂ ಬಿಡುವುದಿಲ್ಲ.

ನಂಬಿಕೆಯೇ ಬಂಡವಾಳವಾದ ಕಡೆ ಕಳ್ಳನೂ ಹುಡುಕುವುದು ನಂಬಿಕೆಯನ್ನೇ. ಎಫ್ರೆನ್ ಟೇಲರ್ ಎಂಬ ಯುವಕ ದೊಡ್ಡ ದೊಡ್ಡ ಕಪ್ಪು ಚರ್ಚುಗಳ ವೇದಿಕೆಯೇರಿ, ಸಮುದಾಯಕ್ಕೂ ಒಳಿತು ನಿಮಗೂ ಲಾಭ ಎಂಬ ಮಾತಿನಲ್ಲಿ ಹೂಡಿಕೆಗಳನ್ನು ಮಾರಿದ. ನೂರಾರು ಜನರ ನಿವೃತ್ತಿಯ ಉಳಿತಾಯ ಮುಳುಗಿತು. 2015ರಲ್ಲಿ ಅವನಿಗೆ ಹೆಚ್ಚುಕಡಿಮೆ ಇಪ್ಪತ್ತು ವರ್ಷಗಳ ಸೆರೆಯಾಯಿತು. ಪಾಸ್ಟರ್ ಪಕ್ಕದಲ್ಲಿ ನಿಂತು ಪರಿಚಯಿಸಿದ ವ್ಯಕ್ತಿಯ ಲೆಕ್ಕಪತ್ರ ಕೇಳಲು ಸಾಮಾನ್ಯ ಸದಸ್ಯನಿಗೆ ಸಂಕೋಚವಾಗುತ್ತದೆ, ಕೇಳಿದರೆ ಭಕ್ತಿ ಕಡಿಮೆಯೆಂದಾರು ಎಂಬ ಭಯ ಬೇರೆ. ಆದಕಾರಣ ಹೂಡಿಕೆಯ ಮಾತು ಆರಾಧನೆಯ ವೇದಿಕೆಯಿಂದ ಕೆಳಗಿಳಿದು, ಪ್ರಶ್ನೆ ಕೇಳಬಹುದಾದ ಬೇರೆ ಕೋಣೆಯಲ್ಲಿ, ಹೊರಗಿನ ಲೆಕ್ಕಪರಿಶೋಧಕರ ಎದುರು ನಡೆಯಬೇಕು. 1787ರ ಸಂಘದವರು ಖಜಾಂಚಿಯನ್ನು ತಮ್ಮ ಗುಂಪಿನ ಹೊರಗಿನಿಂದ ತಂದದ್ದರಲ್ಲಿ, ಕಾರಣ ಏನೇ ಇದ್ದರೂ, ಒಂದು ವಿವೇಕವಿತ್ತು.

ಇನ್ನೊಂದು ಎಚ್ಚರ ಲೆಕ್ಕಕ್ಕೆ ಸಂಬಂಧಿಸಿದ್ದು. ಕಪ್ಪು ಬಡಾವಣೆಗೆ ಬಂದ ಡಾಲರ್ ಆರೇ ಗಂಟೆಯಲ್ಲಿ ಹೊರಗೆ ಹೋಗುತ್ತದೆಂಬ ಅಂಕಿಯನ್ನು ಉಪದೇಶಗಳಲ್ಲಿಯೂ ಭಾಷಣಗಳಲ್ಲಿಯೂ ಪದೇ ಪದೇ ಉದ್ಧರಿಸುತ್ತಾರೆ. ಅದರ ಹಿಂದೆ ನಂಬಬಹುದಾದ ಅಧ್ಯಯನ ಯಾವುದೂ ಇಲ್ಲ. ಹಣ ಸ್ಥಳೀಯವಾಗಿ ಹೆಚ್ಚು ಕೈ ಬದಲಾದರೆ ಒಳಿತೆಂಬುದು ನಿಜ, ಆದರೆ ನಕಲಿ ಅಂಕಿಯಿಂದ ಹೊರಡುವ ವಾದ ತಪ್ಪನ್ನು ಕೊಳ್ಳುವವರ ಮೇಲೆಯೇ ಹೊರಿಸಿ, ಸಾಲ ನಿರಾಕರಿಸಿದವರನ್ನು ಮರೆಸಿಬಿಡುತ್ತದೆ. ಚರ್ಚಿನ ನಿಧಿ ಎಷ್ಟೇ ಬೆಳೆದರೂ ಅದು ನಗರದ ಬ್ಯಾಂಕಿಗೆ ಬದಲಿಯಾಗದು. ನೂರು ಸದಸ್ಯರೂ ಇಲ್ಲದ, ಪಾಸ್ಟರ್ ವಾರವಿಡೀ ಬೇರೆ ನೌಕರಿ ಮಾಡುವ ಸಭೆಗಳೂ ಎಷ್ಟೋ ಇವೆ. ಅವುಗಳಿಂದ ಮಾರುಕಟ್ಟೆ ಸಂಕೀರ್ಣವನ್ನು ನಿರೀಕ್ಷಿಸುವುದು ಅನ್ಯಾಯ.

ಅಂಥ ಸಭೆಗಳ ಬಳಿಯೂ ಇರುವ ಆಸ್ತಿಯೆಂದರೆ ಜಾಗ. ಹಳೆಯ ಬಡಾವಣೆಗಳಲ್ಲಿ ಯುವಜನ ಊರು ಬಿಟ್ಟು, ಹಾಜರಾತಿ ಇಳಿದರೂ, ಕಟ್ಟಡ, ವಾಹನ ನಿಲುಗಡೆಯ ಅಂಗಳ, ವಾರದ ಆರು ದಿನ ಬೀಗ ಬಿದ್ದಿರುವ ಅಡುಗೆಮನೆ ಉಳಿದಿವೆ. ಮನೆಯಲ್ಲಿ ತಿಂಡಿ ಮಾಡಿ ಮಾರುವವರಿಗೆ ದೊಡ್ಡ ಅಡ್ಡಿಯೆಂದರೆ ಆರೋಗ್ಯ ಇಲಾಖೆ ಒಪ್ಪುವ ಅಡುಗೆಮನೆಯ ಬಾಡಿಗೆ. ಚರ್ಚಿನ ಅಡುಗೆಮನೆಗೆ ಪರವಾನಗಿ ಮಾಡಿಸಿ ಗಂಟೆಯ ಲೆಕ್ಕದಲ್ಲಿ ಬಿಟ್ಟುಕೊಟ್ಟರೆ ಸಾಲವಿಲ್ಲದೆಯೇ ಒಂದು ಉದ್ಯಮ ಆರಂಭವಾಗಬಲ್ಲದು. ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿಯಿಂದ ಜಾರಿಯಲ್ಲಿರುವ ಕಾಯಿದೆ, ಧಾರ್ಮಿಕ ಸಂಸ್ಥೆಗಳು ತಮ್ಮ ನೆಲದಲ್ಲಿ ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಲು ವಲಯ ನಿಯಮಗಳ ತಡೆಯನ್ನು ಬಹುಮಟ್ಟಿಗೆ ಸಡಿಲಿಸಿದೆ. ಆ ಮನೆಗಳು ಎದ್ದಾಗ ಕಟ್ಟುವ ಗುತ್ತಿಗೆ ಯಾರಿಗೆ, ಕೆಳಮಹಡಿಯ ಮಳಿಗೆ ಯಾರಿಗೆ ಎಂಬುದನ್ನು ಮೊದಲೇ ಒಪ್ಪಂದದಲ್ಲಿ ಬರೆಸಿಕೊಂಡ ಚರ್ಚಿಗೆ ಮಾತ್ರ ಬಾಡಿಗೆಯ ಆಚೆಗೂ ಫಲ ಸಿಗುತ್ತದೆ.

ಬಾಲ್ಟಿಮೋರ್‌ನ ಪ್ಲೆಸೆಂಟ್ ಹೋಪ್ ಬ್ಯಾಪ್ಟಿಸ್ಟ್ ಚರ್ಚಿನ ಬಳಿ ಇದ್ದದ್ದು ಸುಮಾರು 1,500 ಚದರ ಅಡಿಯ ಅಂಗಳ. ಆಗ ಅಲ್ಲಿ ಪಾಸ್ಟರ್ ಆಗಿದ್ದ ಹೀಬರ್ ಬ್ರೌನ್ ಸಭೆಯವರೊಂದಿಗೆ ಅದರಲ್ಲಿ ತರಕಾರಿ ಬೆಳೆಸಿದರು. 2015ರಲ್ಲಿ ಪೊಲೀಸ್ ವಶದಲ್ಲಿ ಗಾಯಗೊಂಡ ಫ್ರೆಡ್ಡಿ ಗ್ರೇ ಎಂಬ ಯುವಕನ ಸಾವಿನ ನಂತರ ನಗರ ಹೊತ್ತಿ ಉರಿದು ಅಂಗಡಿಗಳು ಮುಚ್ಚಿದಾಗ, ಆ ಅಂಗಳವೂ ಕಪ್ಪು ರೈತರ ಹೊಲಗಳಿಂದ ತರಿಸಿದ ಫಸಲೂ ಊಟಕ್ಕೆ ದಾರಿಯಾದವು, ಅಲ್ಲಿಂದ ಬ್ಲ್ಯಾಕ್ ಚರ್ಚ್ ಫುಡ್ ಸೆಕ್ಯುರಿಟಿ ನೆಟ್‌ವರ್ಕ್ ಹುಟ್ಟಿತು. ಇದರ ಏರ್ಪಾಡು ಸರಳ: ಆರಾಧನೆ ಮುಗಿಸಿ ಜನರು ಹೊರಬರುವ ಹೊತ್ತಿಗೆ ರೈತರು ಚರ್ಚಿನ ಅಂಗಳದಲ್ಲಿ ಮೇಜು ಹಾಕಿ ಸೊಪ್ಪು, ಗೆಣಸು, ಮೊಟ್ಟೆ ಮಾರುತ್ತಾರೆ. ಮಧ್ಯವರ್ತಿ ಇಲ್ಲ, ಮಳಿಗೆಯ ಬಾಡಿಗೆ ಇಲ್ಲ, ಮುಂದಿನ ಭಾನುವಾರ ಎಷ್ಟು ಜನ ಬರುತ್ತಾರೆಂಬುದು ರೈತನಿಗೆ ಇಂದೇ ಗೊತ್ತಿರುತ್ತದೆ.